ಅಂಗ ಕಸಿಯ ನಂತರದ ರಕ್ತದೊತ್ತಡ ಮತ್ತು ಅಪಧಮನಿ ರೋಗ

ಕಸಿ ಮಾಡಿದ ಅಂಗ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೂ ಅದನ್ನು ಪಡೆದವರ ರಕ್ತದೊತ್ತಡ ಏರುವುದು, ಅಪಧಮನಿಗಳು ದಪ್ಪಗಟ್ಟಿ ಕಿರಿದಾಗುವುದು ಉಂಟು. ಮೂತ್ರಪಿಂಡ ಕಸಿಯಾದ ಬಹುಪಾಲು ಮಂದಿಗೆ ಬಿ.ಪಿ. ಮಾತ್ರೆ ತಪ್ಪುವುದಿಲ್ಲ.

ಮುಖ್ಯ ಕಾರಣ ಅಂಗವನ್ನು ಉಳಿಸುವ ಔಷಧದಲ್ಲೇ ಇದೆ. ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೊರಿನ್ ಮೂತ್ರಪಿಂಡದ ಕಿರು ಅಪಧಮನಿಗಳನ್ನು ಬಿಗಿಯಾಗಿಸುತ್ತದೆ, ಉಪ್ಪಿನಂಶ ಹೊರಹೋಗದಂತೆ ಹಿಡಿದಿಡುತ್ತದೆ. 1983ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧದಿಂದಲೇ ಕಸಿ ಚಿಕಿತ್ಸೆ ವ್ಯಾಪಕವಾಯಿತು. ರಕ್ತದೊತ್ತಡದ ತೊಂದರೆಯೂ ಅದರ ಜೊತೆಗೇ ಬೆಳೆಯಿತು. ಅದೇ ಕೆಲಸಕ್ಕೆ ಬಳಸುವ ಟ್ಯಾಕ್ರೊಲಿಮಸ್‌ನಲ್ಲಿ ಈ ಕಾಟ ಕೊಂಚ ಕಡಿಮೆ. ಸ್ಟಿರಾಯ್ಡ್, ಏರಿದ ತೂಕ, ಒಳಗೇ ಉಳಿದ ಹಳೆಯ ಮೂತ್ರಪಿಂಡಗಳು ಸ್ರವಿಸುವ, ರಕ್ತದೊತ್ತಡ ಏರಿಸುವ ರೆನಿನ್ ಕೂಡ ಕಾರಣವಾಗುತ್ತವೆ.

ಹೊಸ ಮೂತ್ರಪಿಂಡದ ಅಪಧಮನಿ ಕಿರಿದಾದರೆ ರಕ್ತದೊತ್ತಡ ಔಷಧಕ್ಕೆ ಬಗ್ಗುವುದಿಲ್ಲ. ಇದು ಸಾಮಾನ್ಯವಾಗಿ ಕಸಿಯಾದ 3 ತಿಂಗಳಿಂದ 2 ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಡಾಪ್ಲರ್ ಸ್ಕ್ಯಾನ್‌ನಲ್ಲಿ ಸುಳಿವು ಸಿಗುತ್ತದೆ. ಬಲೂನು ಅಥವಾ ಸ್ಟೆಂಟ್ ಬಳಸಿ ನಾಳವನ್ನು ಹಿಗ್ಗಿಸಬಹುದು. ಸರಿಪಡಿಸಬಹುದಾದ ಕಾರಣವಾದ್ದರಿಂದ ಇದನ್ನು ಹುಡುಕದೆ ಮಾತ್ರೆಗಳನ್ನಷ್ಟೇ ಹೆಚ್ಚಿಸುತ್ತ ಹೋಗುವುದು ಸರಿಯಲ್ಲ.

ಮೂತ್ರಪಿಂಡ ಕಸಿಯಾದ ವಯಸ್ಕರಲ್ಲಿ ರಕ್ತದೊತ್ತಡ 130/80ಕ್ಕಿಂತ ಕೆಳಗಿರಬೇಕೆಂಬುದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಆಮ್ಲೊಡಿಪಿನ್‌ನಂಥ ಔಷಧ ಮೊದಲ ಆಯ್ಕೆಗಳಲ್ಲೊಂದು. ಇನ್ನೊಂದು ಬಿ.ಪಿ. ಔಷಧವಾದ ಡಿಲ್ಟಿಯಾಜೆಮ್ ಕೊಟ್ಟರೆ ರಕ್ತದಲ್ಲಿ ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್ ಪ್ರಮಾಣ ಏರುತ್ತದೆ. ದುಬಾರಿ ಸೈಕ್ಲೋಸ್ಪೊರಿನ್ ಕಡಿಮೆ ಸಾಕಾಗಲೆಂದು ಭಾರತದ ವೈದ್ಯರು ಇದೇ ಗುಣವನ್ನು ಬೇಕೆಂದೇ ಬಳಸಿಕೊಂಡದ್ದೂ ಇದೆ. ಬಿ.ಪಿ. ಏರಿತೆಂದು ಹೆದರಿ ರೋಗಿ ತಾನಾಗಿ ತಿರಸ್ಕಾರ ತಡೆಯುವ ಮಾತ್ರೆ ಬಿಟ್ಟರೆ ಅಂಗವನ್ನೇ ಕಳೆದುಕೊಳ್ಳಬಹುದು.

ಹೃದಯ ಕಸಿಯಲ್ಲಿ ಅಪಧಮನಿ ರೋಗದ ಬಗೆಯೇ ಬೇರೆ. ಕೇಪ್‌ಟೌನ್‌ನಲ್ಲಿ ಶಸ್ತ್ರವೈದ್ಯ ಕ್ರಿಸ್ಟಿಯಾನ್ ಬರ್ನಾರ್ಡ್ 1968ರ ಜನವರಿ 2ರಂದು ಹೃದಯ ಕಸಿ ಮಾಡಿದ ಫಿಲಿಪ್ ಬ್ಲೈಬರ್ಗ್ 19 ತಿಂಗಳು ಬದುಕಿದರು. ಮರಣೋತ್ತರ ಪರೀಕ್ಷೆಯಲ್ಲಿ ಹೊಸ ಹೃದಯದ ಅಪಧಮನಿಗಳು ತೀವ್ರವಾಗಿ ಕಿರಿದಾಗಿದ್ದುದು ಕಂಡುಬಂತು. ದೇಹದ ರೋಗನಿರೋಧಕ ವ್ಯವಸ್ಥೆ ನಾಳದ ಒಳಪದರವನ್ನು ನಿರಂತರ ಗಾಸಿಗೊಳಿಸುವುದರಿಂದ ಆ ಪದರ ಸುತ್ತಲೂ, ಉದ್ದಕ್ಕೂ ದಪ್ಪಗಾಗುತ್ತದೆ. 10 ವರ್ಷದಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಇದು ಕಾಣುತ್ತದೆ. ಕಸಿಯ ವೇಳೆ ಹೃದಯದ ನರಗಳು ಕಡಿದುಹೋಗಿರುವುದರಿಂದ ಎದೆನೋವಿನ ಎಚ್ಚರಿಕೆ ಹೆಚ್ಚಿನವರಿಗೆ ಸಿಗುವುದಿಲ್ಲ. ಆದ್ದರಿಂದ ನೋವಿಲ್ಲದಿದ್ದರೂ ನಿಯಮಿತ ಆಂಜಿಯೋಗ್ರಾಂ ಅಗತ್ಯ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ತಿರಸ್ಕಾರ ತಡೆಯುವ ಎವೆರೊಲಿಮಸ್ ರೋಗದ ವೇಗ ತಗ್ಗಿಸುತ್ತವೆ. ನಾಳದುದ್ದಕ್ಕೂ ಹರಡಿದ ರೋಗಕ್ಕೆ ಸ್ಟೆಂಟ್‌ನ ಉಪಯೋಗ ಸೀಮಿತ. ಅದು ತೀರ ಮುಂದುವರಿದಾಗ ಮತ್ತೊಂದು ಹೃದಯದ ಕಸಿಯೇ ಬೇಕಾಗುತ್ತದೆ, ದಾನಿ ಸಿಕ್ಕರೆ.