ಭೂಕಂಪ, ಶಾಲೆ ಮತ್ತು ಹೆಣ್ಣುಮಕ್ಕಳು



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಬೀಜ, ಗೊಬ್ಬರ, ಸಾಲ, ವಸೂಲಿಯ ವಿಷಯ ಬರೆಯಲು ಬೇರೆ ನಿರ್ದೇಶಕರಿದ್ದಾರೆ. ನಾವು ಶಾಲೆಯ ವಿಷಯ ಬರೆಯುತ್ತೇವೆ. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. 2020ರ ಅಕ್ಟೋಬರ್ ಮಳೆಗೆ ನಮ್ಮೂರ ಶಾಲೆಯ ಹಳೇ ಕಲ್ಲಿನ ಕೋಣೆಗಳು ಕುಸಿದವು. ಕೊರೋನಾ ಕಾಟ ಮುಗಿದು ಶಾಲೆ ತೆರೆದಾಗ ಮಕ್ಕಳು ಸಂಘದ ಗೋದಾಮಿನಲ್ಲಿ ಯೂರಿಯಾ ಚೀಲದ ಬಾಜೂಕ ಕೂತು ಓದಿದರು. ಈಗ ಹೊಸ ಕೋಣೆಗಳೇನೋ ಎದ್ದಿವೆ. ಅವುಗಳ ಸುತ್ತ ಮೊದಲು ಏನು ಕಟ್ಟಬೇಕು ಎಂಬುದೇ ಊರಲ್ಲಿ ಚರ್ಚೆ. ಅದಕ್ಕೇ ಬೇರೆ ಕಡೆ ಶಾಲೆ ಬಿದ್ದಾಗ ಏನಾಯಿತು ಎಂಬ ಚರಿತ್ರೆ ನೋಡುವುದು ಒಳ್ಳೇದು ಅನಿಸಿತು.

ಮೊದಲು ನಮ್ಮ ನೆರೆಯ ಮಾತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, 3 ಗಂಟೆ 56 ನಿಮಿಷಕ್ಕೆ, ಕಿಲ್ಲಾರಿ ಭೂಕಂಪ ಆಯಿತು. ಹಿಂದಿನ ದಿನ ಗಣಪತಿ ಕಳಿಸಿ ಬಂದು ಜನ ದಣಿದು ಮಲಗಿದ್ದರು. ಲಾತೂರು, ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಗಳಲ್ಲಿ ಎಂಟು ಸಾವಿರದಿಂದ ಹತ್ತು ಸಾವಿರ ಜನ ತೀರಿಕೊಂಡರು. ಭೂಕಂಪದ ಅಳತೆ 6.2, ಅಂಥಾ ಭಾರಿ ಏನಲ್ಲ. ಕೊಂದದ್ದು ಮನೆಗಳೇ. ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ಒಳಗೆ ಮಣ್ಣಿನ ಗಾರೆ, ಮೇಲೆ ಕಟ್ಟಿಗೆ ಹಾಸಿ ಸುರಿದ ಮಣ್ಣಿನ ಮಾಳಿಗೆ. ನಮ್ಮ ಗಡಿಭಾಗದ ಹಳೇ ಮನೆಗಳೂ ಇವೇ ಅಲ್ಲವೇನ್ರಿ? ಗೋಡೆಯ ಒಳಮೈ ಹೊರಮೈ ಎರಡನ್ನೂ ಹಿಡಿದು ನಿಲ್ಲಿಸುವ ಉದ್ದನೆ ಕಲ್ಲು ನಡುವೆ ಇಲ್ಲದಿದ್ದರೆ ಅಲುಗಿದಾಗ ಗೋಡೆ ಹೊಟ್ಟೆ ಬಿಟ್ಟು ಎರಡಾಗಿ ಸೀಳುತ್ತದೆ. ಆಮೇಲೆ ಮಾಳಿಗೆ ಮೈಮೇಲೆ.

ಅಲ್ಲಿ 52 ಊರುಗಳನ್ನು ಪೂರ್ತಿ ಎಬ್ಬಿಸಿ ಬೇರೆ ಜಾಗದಲ್ಲಿ ಕಟ್ಟಿದರು. ಲಕ್ಷಕ್ಕೂ ಹೆಚ್ಚು ಮನೆಗಳನ್ನು ಇದ್ದಲ್ಲೇ ದುರಸ್ತಿ ಮಾಡಿ ಗಟ್ಟಿ ಮಾಡಿಸಿದರು. ಈ ದುರಸ್ತಿ ಕೆಲಸದಲ್ಲಿ ‘ಸ್ವಯಂ ಶಿಕ್ಷಣ ಪ್ರಯೋಗ’ ಎಂಬ ಸಂಸ್ಥೆ ಹಳ್ಳಿಯ ಹೆಣ್ಣುಮಕ್ಕಳನ್ನೇ ಮುಂದೆ ಮಾಡಿತು. ಅವರು ಮನೆಮನೆಗೆ ಹೋಗಿ ಸರ್ಕಾರದ ಯೋಜನೆ ತಿಳಿಸಿ ಹೇಳಿದರು. 2001ರ ಕಛ್ ಭೂಕಂಪದ ನಂತರ ಲಾತೂರ ಕಡೆಯ ಹೆಂಗಸರು ಗುಜರಾತಿಗೂ ಹೋಗಿ ಅಲ್ಲಿಯವರಿಗೆ ಧೈರ್ಯ ಹೇಳಿ ಬಂದರು. ಗಂಡಸರು ಇದನ್ನು ಅಷ್ಟಾಗಿ ಹೇಳುವುದಿಲ್ಲ, ಆದ್ದರಿಂದ ನಾವು ಬರೆದಿಟ್ಟೆವು.

ಕಿಲ್ಲಾರಿ ನಡುಗಿದ್ದು ಮಲಗಿದ ಹೊತ್ತಿನಲ್ಲಿ, ಶಾಲೆ ಖಾಲಿ ಇತ್ತು. ಕಛ್ ನಡುಗಿದ್ದು ಗಣರಾಜ್ಯೋತ್ಸವದ ಬೆಳಿಗ್ಗೆ. ಬಹಳ ಕಡೆ ಮಕ್ಕಳು ಧ್ವಜದ ಮುಂದೆ ಬಯಲಲ್ಲಿ ನಿಂತಿದ್ದರು, ಉಳಿದರು. ಅಂಜಾರ್ ಪಟ್ಟಣದಲ್ಲಿ ಮಾತ್ರ ಮೆರವಣಿಗೆ ಹೊರಟ ಮಕ್ಕಳ ಮೇಲೆ ಓಣಿಯ ಎರಡೂ ಕಡೆಯ ಮನೆಗಳು ಬಿದ್ದವು. ಮೂರನೆಯದು, 2005ರ ಅಕ್ಟೋಬರ್ 8ರ ಕಾಶ್ಮೀರ ಭೂಕಂಪ. ಅದು ಶಾಲೆಯ ಹೊತ್ತಿನಲ್ಲೇ ಬಂತು.

ಶನಿವಾರ, ರಂಜಾನ್ ತಿಂಗಳು, ಅಲ್ಲಿಯ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 50 ನಿಮಿಷ. ಅಳತೆ 7.6. ನಡುಜಾಗ ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಮುಜಫರಾಬಾದ್ ಹತ್ತಿರ. ಆ ಕಡೆ 73 ಸಾವಿರಕ್ಕೂ ಹೆಚ್ಚು ಜನ ಸತ್ತರು. ಈ ಕಡೆ ನಮ್ಮ ಉರಿ, ತಂಗ್‌ಧಾರ್ ಭಾಗದಲ್ಲಿ 1,300ಕ್ಕೂ ಹೆಚ್ಚು ಜನ ಹೋದರು. ಬಾಲಾಕೋಟ್ ಪಟ್ಟಣ ನೆಲಸಮ ಆಯಿತು. ಆಗಷ್ಟೇ ತರಗತಿ ಶುರುವಾಗಿದ್ದವು. ಸುಮಾರು 17-18 ಸಾವಿರ ಶಾಲಾ ಮಕ್ಕಳು ಸತ್ತರೆಂದು ಲೆಕ್ಕ. 7 ಸಾವಿರಕ್ಕೂ ಹೆಚ್ಚು ಶಾಲೆ-ಕಾಲೇಜು ಬಿದ್ದವು ಇಲ್ಲವೇ ಕೆಟ್ಟವು. ವೈರಿ ದೇಶ ಅಂತ ಯಾರಾದರೂ ಅಂದಾರು. ಪಾಟಿಚೀಲ ಹಾಕಿಕೊಂಡ ಮಗು ಯಾವ ದೇಶದ್ದಾದರೇನು.

ಆ ಗುಡ್ಡಗಾಡಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಶಾಲೆಯೇ ಬೇರೆ, ಗಂಡುಮಕ್ಕಳದೇ ಬೇರೆ. ಮೊದಲೇ ಹೆಣ್ಣುಮಕ್ಕಳ ಓದು ಕಡಿಮೆ. ಭೂಕಂಪ ಆದಮೇಲೆ ಯುನಿಸೆಫ್ ಮತ್ತು ಬೇರೆ ಸಂಸ್ಥೆಯವರು ಡೇರೆಗಳಲ್ಲಿ ಶಾಲೆ ಶುರು ಮಾಡಿದರು. ಇಲ್ಲಿ ಒಂದು ವಿಚಿತ್ರ ಆಯಿತು. ಎಂದೂ ಶಾಲೆ ಮೆಟ್ಟಿಲು ಹತ್ತದಿದ್ದ ಎಷ್ಟೋ ಹುಡುಗಿಯರು ಮೊದಲ ಸಲ ಅಕ್ಷರ ಕಲಿತದ್ದು ನಿರಾಶ್ರಿತರ ಶಿಬಿರದ ಡೇರೆಯಲ್ಲಿ. ಶಿಬಿರದಲ್ಲಿ ಶಾಲೆ ಹತ್ತು ಹೆಜ್ಜೆ ದೂರ, ತಾಯಿಯ ಕಣ್ಣಳತೆಯಲ್ಲೇ ಇರುತ್ತದೆ. ಊರಲ್ಲಾದರೆ ಗುಡ್ಡ ಹತ್ತಿ ಹಳ್ಳ ದಾಟಿ ಮೈಲುಗಟ್ಟಲೆ ನಡೆಯಬೇಕು. ಅಂದರೆ ಮಗಳು ಓದಬಾರದು ಅನ್ನೋ ಹಟ ಎಲ್ಲರಿಗೂ ಇರಲಿಲ್ಲ, ದಾರಿಯದೇ ಅಂಜಿಕೆ ಇತ್ತು ಅಂತ ನಮಗೆ ಕಾಣುತ್ತದೆ.

ಮತ್ತೆ ಕಟ್ಟುವಾಗ ಪ್ರಶ್ನೆ ಬಂದದ್ದು ಇಲ್ಲೇ. ಪಾಕಿಸ್ತಾನ ಸರ್ಕಾರ ಇದಕ್ಕಾಗಿಯೇ ಒಂದು ಪ್ರಾಧಿಕಾರ ಮಾಡಿತು. ಮೊದಲಿಗಿಂತ ಚೊಲೋ ಕಟ್ಟೋಣ ಎಂಬುದೇ ಅದರ ಘೋಷಣೆ. ಆದರೆ ಚೊಲೋ ಅಂದರೆ ಏನು? ಇಂಜಿನಿಯರಿಗೆ ಅದು ಕಬ್ಬಿಣ, ಸಿಮೆಂಟು, ಬಾಗಿಲ ಮೇಲೆ ನಾಲ್ಕೂ ಗೋಡೆ ಸುತ್ತಿ ಬರುವ ಕಾಂಕ್ರೀಟ್ ಪಟ್ಟಿ, ಹಗುರ ಛಾವಣಿ. ಅದು ಬೇಕೇ ಬೇಕು, ಜೀವ ಉಳಿಸೋದು ಅದೇ. ಮಗಳನ್ನು ಕಳಿಸುವ ತಾಯಿಗೆ ಚೊಲೋ ಅಂದರೆ ಸುತ್ತ ಗೋಡೆ, ಬೇರೆ ಪಾಯಖಾನೆ, ಅದರಲ್ಲಿ ನೀರು, ಒಬ್ಬ ಶಿಕ್ಷಕಿ. ಈ ನಾಲ್ಕು ಇಲ್ಲದಿದ್ದರೆ ಮಗಳು ದೊಡ್ಡವಳಾದ ಮ್ಯಾಲೆ ಕಟ್ಟಡ ಎಷ್ಟು ಗಟ್ಟಿ ಇದ್ದರೂ ಮನೇಲೇ ಉಳಿಯುತ್ತಾಳೆ. ಇದನ್ನು ಕೇಳಿ ಕಟ್ಟಿದ ಕಡೆ ಹುಡುಗಿಯರು ತಿರುಗಿ ಬಂದರು. ಎಲ್ಲ ಕಡೆ ಕಟ್ಟಿ ಮುಗಿಸಲಿಲ್ಲ ಅನ್ನೋದೂ ಅಷ್ಟೇ ಖರೆ. ಹತ್ತು ವರ್ಷ ಕಳೆದು 2015 ಬಂದರೂ ನೂರಾರು ಶಾಲೆಗಳ ಮಕ್ಕಳು ಡೇರೆಯಲ್ಲೋ ಬಯಲಲ್ಲೋ ಕೂರುತ್ತಿದ್ದರು. ಬಾಲಾಕೋಟ್ ಬದಲು ಕಟ್ಟುತ್ತೇವೆಂದ ಹೊಸ ಪಟ್ಟಣವೂ ಕಾಗದದಲ್ಲಿ ಇದ್ದಷ್ಟು ನೆಲದ ಮೇಲೆ ಏಳಲಿಲ್ಲ. ಬಯಲ ಶಾಲೆಯಲ್ಲಿ ಗಂಡುಹುಡುಗ ಮಳೆ ಬಂದರೆ ಮರದ ಕೆಳಗೆ ಹೋದಾನು. ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆ.

ನಮ್ಮ ದೇಶದಲ್ಲಿ 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಲ್ಲಿದೆ. ಗಂಡುಮಕ್ಕಳಿಗೆ ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಆವರಣ ಗೋಡೆ ಅಥವಾ ಬೇಲಿ, ಆಟದ ಬಯಲು ಇರಲೇಬೇಕೆಂದು ಅದರ ಪಟ್ಟಿಯಲ್ಲೇ ಬರೆದಿದೆ. ಅಂದಮೇಲೆ ನಾವು ಕೇಳುವುದು ದಾನವಲ್ಲ.

ಈಗ ನಮ್ಮೂರಿನ ಮಾತು. ಊರವರು ಕೂಡಿಸಿದ ಹಣ ಮತ್ತು ಸಂಘದ ಲಾಭದಲ್ಲಿ ಊರ ಹಿತಕ್ಕೆಂದು ತೆಗೆದಿಟ್ಟ ಹಣದಲ್ಲಿ ಶಾಲೆಯ ಮುಂದೆ ದೊಡ್ಡ ಕಮಾನು ಕಟ್ಟಿ ದಾನಿಗಳ ಹೆಸರು ಕೆತ್ತಿಸಬೇಕೆಂದು ಕೆಲವು ಹಿರಿಯರ ಅಪೇಕ್ಷೆ. ಹಿರಿಯರ ಮೇಲೆ ನಮಗೆ ಗೌರವ ಇದೆ. ಆದರೆ ಶಾಲೆಯ ಹಿಂದೆ ಗೋಡೆ ಇಲ್ಲ, ಸಂತೆಗೆ ಹೋಗುವ ಕಾಲುದಾರಿ ಅಲ್ಲಿಂದಲೇ ಹಾದಿದೆ. ಶೌಚಾಲಯ ಒಂದೇ, ಅದಕ್ಕೂ ನಳ ಇಲ್ಲ. ಏಳನೇ ಇಯತ್ತೆಯ ಹುಡುಗಿಯರು ಮಧ್ಯಾಹ್ನ ಮನೆಗೆ ಓಡಿ ಬರುತ್ತಾರೆ, ಕೆಲವರು ಆ ದಿನ ತಿರುಗಿ ಹೋಗುವುದಿಲ್ಲ. ತಿಂಗಳಿಗೆ ನಾಲ್ಕು ದಿನ ಬರುವುದೇ ಇಲ್ಲ. ಯಾಕೆ ಅಂತ ಮನೆಯ ಹೆಣ್ಣುಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ. ಕಮಾನಿನ ಕೆಳಗೆ ಹಾದು ಅವರು ಎಲ್ಲಿಗೆ ಹೋಗಬೇಕು?

ಊರ ಗೌಂಡಿಯವರನ್ನು ಕರೆದು ಅಳತೆ ತೆಗೆಸಿದ್ದೇವೆ. ಬಿದ್ದ ಕೋಣೆಗಳ ಕಲ್ಲು ಹಿಂದಿನ ಗೋಡೆಗೆ ಸಾಕಾಗುತ್ತದೆ ಎಂದಿದ್ದಾರೆ. ಮೊಳಕ್ಕೊಂದು ಉದ್ದಗಲ್ಲು ಅಡ್ಡ ಇಡಬೇಕು, ಮಣ್ಣಿನ ಗಾರೆ ಬೇಡ, ಸಿಮೆಂಟೇ ಆಗಬೇಕು ಎಂದು ನಾವು ಹೇಳಿದ್ದೇವೆ. ಕೊಳವೆಬಾವಿಯಿಂದ ಶೌಚಾಲಯದವರೆಗೆ ಪೈಪು ಎಳೆಯುವ ಖರ್ಚನ್ನೂ ಕೂಡಿಸಿದೆ. ಲೆಕ್ಕದ ಹಾಳೆ ಸಂಘದ ಕಚೇರಿಯಲ್ಲಿ ಕಾರ್ಯದರ್ಶಿಯವರ ಬಳಿ ಇದೆ. ವಾರ್ಷಿಕ ಮಹಾಸಭೆಗೆ ಮೊದಲು ಸದಸ್ಯರು ನೋಡಿಕೊಂಡು ಬರಬೇಕು. ಬರುವಾಗ ಮನೆಯ ತಾಯಂದಿರನ್ನೂ ಕರೆತರಬೇಕಾಗಿ ವಿನಂತಿ.