ಕಾರಿನ ‘ಮೆದುಳು’ ಬದಲಿಸಿದರೆ ಸಾಲದು, ನೆನಪೂ ಜತೆಗೆ ಬರಬೇಕು

ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ, ಅಂದರೆ ಇಸಿಯು, ಕೆಟ್ಟುಹೋದಾಗ ಅದೇ ಮಾದರಿಯ ಇನ್ನೊಂದು ಕಾರಿನಿಂದ ಕಳಚಿದ ಘಟಕವನ್ನು ತಂದು ಜೋಡಿಸಿದರಾಯಿತು ಎಂದು ಭಾವಿಸುವವರೇ ಹೆಚ್ಚು. ಬಿಡಿಭಾಗದ ಸಂಖ್ಯೆ ಒಂದೇ, ಪ್ಲಗ್ಗೂ ಸರಿಯಾಗಿ ಕೂರುತ್ತದೆ. ಕೀಲಿ ತಿರುಗಿಸಿದೊಡನೆ ಎಂಜಿನ್ ಚಾಲೂ ಆಗುತ್ತದೆ. ಒಂದೆರಡು ಸೆಕೆಂಡುಗಳಲ್ಲಿ ನಿಂತೂ ಹೋಗುತ್ತದೆ. ಹಳೆಯ ಘಟಕ ತಂದವರು ತಾವು ಮೋಸಹೋದೆವೆಂದು ಮಾರಿದವನೊಡನೆ ಜಗಳಕ್ಕೆ ನಿಲ್ಲುತ್ತಾರೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಘಟಕಕ್ಕೆ ಯಾವ ದೋಷವೂ ಇರುವುದಿಲ್ಲ. ಅದು ತನ್ನ ಹಳೆಯ ಕಾರನ್ನು ಇನ್ನೂ ಮರೆತಿರುವುದಿಲ್ಲ, ಅಷ್ಟೆ.

ಫೋಕ್ಸ್‌ವ್ಯಾಗನ್ ಸಮೂಹದ 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಇದಕ್ಕೆ ಒಳ್ಳೆಯ ನಿದರ್ಶನ. ನಾಲ್ಕನೇ ಪೀಳಿಗೆಯ ಗಾಲ್ಫ್ ಮತ್ತು ಮೊದಲ ಪೀಳಿಗೆಯ ಸ್ಕೋಡಾ ಆಕ್ಟೇವಿಯಾ ಕಾರುಗಳಲ್ಲಿ ಈ ಎಂಜಿನ್ ಇತ್ತು. 2000ದ ದಶಕದಲ್ಲಿ ಭಾರತದಲ್ಲಿ ಮಾರಾಟವಾದ ಆಕ್ಟೇವಿಯಾ ಆರ್‌ಎಸ್‌ನ ಎಂಜಿನ್ ಕೂಡ ಇದೇ ಕುಟುಂಬದ್ದು. ಯುರೋಪಿನ ಕಾರುಗಳಲ್ಲಿ ಇದನ್ನು ನಡೆಸುತ್ತಿದ್ದುದು ಬಾಷ್ ಕಂಪನಿಯ ಮೋಟ್ರಾನಿಕ್ ಎಂಇ 7.5 ಘಟಕ. ಬೆಂಗಳೂರಿನ ಹಳಬರು ಇಂದಿಗೂ ‘ಮೈಕೋ’ ಎಂದೇ ಕರೆಯುವ ಆಡುಗೋಡಿಯ ಕಂಪನಿ ಇದೇ ಬಾಷ್‌ನ ಭಾರತೀಯ ಶಾಖೆಯೆಂಬುದನ್ನು ಇಲ್ಲಿ ನೆನೆಯಬಹುದು.

ಈ ಘಟಕದೊಳಗೆ ಎರಡು ಬಗೆಯ ನೆನಪುಗಳಿವೆ. ಫ್ಲ್ಯಾಶ್ ಎಂಬ ದೊಡ್ಡ ಚಿಪ್‌ನ ಸಾಮರ್ಥ್ಯ 1 ಮೆಗಾಬೈಟ್. ಯಾವ ವೇಗದಲ್ಲಿ ಎಷ್ಟು ಇಂಧನ ಚಿಮ್ಮಬೇಕು, ಕಿಡಿ ಯಾವಾಗ ಹಾರಬೇಕು ಎಂಬ ಲೆಕ್ಕವೆಲ್ಲ ಅದರಲ್ಲಿದೆ. ಇನ್ನೊಂದು 95040 ಎಂಬ ಎಂಟು ಕಾಲಿನ ಪುಟ್ಟ ಈಪ್ರಾಮ್ ಚಿಪ್. ಅದು ಹಿಡಿಯುವುದು 512 ಬೈಟ್ ಮಾತ್ರ. ಈ ಲೇಖನದ ಒಂದು ಪ್ಯಾರಾ ಕೂಡ ಅದರಲ್ಲಿ ಅಡಗದು. ಆದರೂ ಕಾರಿನ ಗುರುತೆಲ್ಲ ಅಲ್ಲಿಯೇ ಇದೆ: ಚಾಸಿಸ್ ಸಂಖ್ಯೆ, 14 ಅಕ್ಷರಗಳ ಇಮ್ಮೊಬಿಲೈಸರ್ ಸಂಖ್ಯೆ ಹಾಗೂ ನಾಲ್ಕು ಅಂಕಿಯ ರಹಸ್ಯ ಸಂಖ್ಯೆ.

ಇಮ್ಮೊಬಿಲೈಸರ್ ಎಂಬುದು ಕಳ್ಳತನ ತಡೆಯುವ ವ್ಯವಸ್ಥೆ. ಐರೋಪ್ಯ ಒಕ್ಕೂಟದ 1995ರ ನಿರ್ದೇಶನದ ತರುವಾಯ ಅದು ಯುರೋಪಿನ ಹೊಸ ಕಾರುಗಳಲ್ಲಿ ಕಡ್ಡಾಯವಾಯಿತು. ಕೀಲಿಯ ತಲೆಯಲ್ಲಿರುವ ಸಣ್ಣ ಚಿಪ್ಪನ್ನು ಡ್ಯಾಶ್‌ಬೋರ್ಡಿನ ಮೀಟರ್ ಘಟಕವು ಗುರುತಿಸುತ್ತದೆ. ಬಳಿಕ ಮೀಟರ್ ಘಟಕವೂ ಇಸಿಯುವೂ ಪರಸ್ಪರ ಪರೀಕ್ಷಿಸಿಕೊಳ್ಳುತ್ತವೆ. ಉತ್ತರ ತಾಳೆಯಾಗದಿದ್ದರೆ ಇಂಧನ ನಿಲ್ಲುತ್ತದೆ, ತಪಾಸಣಾ ಯಂತ್ರದಲ್ಲಿ 17978 ಎಂಬ ದೋಷಸಂಖ್ಯೆ ಮೂಡುತ್ತದೆ. ಬೇರೆ ಕಾರಿನ ಘಟಕ ನಿಂತುಹೋಗುವುದು ಈ ಕಾರಣದಿಂದಲೇ.

ಪರಿಹಾರ ಎರಡು. ಕಾರಿನ ಮಾಲೀಕರು ದಾಖಲೆ ತೋರಿಸಿ ಅಧಿಕೃತ ಸೇವಾಕೇಂದ್ರದ ಮೂಲಕ ರಹಸ್ಯ ಸಂಖ್ಯೆಗಳನ್ನು ಪಡೆದು ಘಟಕವನ್ನು ಹೊಂದಿಸಿಕೊಳ್ಳುವುದು ಒಂದು. ಹಳೆಯ ಘಟಕದ ನೆನಪನ್ನೇ ಹೊಸದಕ್ಕೆ ನಕಲು ಮಾಡುವುದು ಮತ್ತೊಂದು. ಈ ಕಾರುಗಳಲ್ಲಿ ಇಸಿಯು ಇರುವುದು ಮುಂಗಾಜಿನ ಬುಡದ, ಮಳೆನೀರು ಹರಿಯುವ ತೊಟ್ಟಿಯಲ್ಲಿ. ತರಗೆಲೆ ಸಿಕ್ಕಿ ನೀರು ಹೋಗುವ ತೂತು ಮುಚ್ಚಿದರೆ ಘಟಕ ನೆನೆಯುತ್ತದೆ. ಅಂಥ ಸಂದರ್ಭದಲ್ಲಿ ವಿದ್ಯುತ್ ಭಾಗಗಳು ಸುಟ್ಟಿದ್ದರೂ ಎಂಟು ಕಾಲಿನ ಆ ಚಿಪ್ ಅನೇಕ ವೇಳೆ ಬದುಕಿರುತ್ತದೆ. ಆದುದರಿಂದ ಸತ್ತ ಘಟಕವನ್ನು ಗುಜರಿಗೆ ಎಸೆಯುವುದು ದೊಡ್ಡ ತಪ್ಪು. ಕಾರಿನ ಗುರುತೂ ಅದರೊಡನೆಯೇ ಹೋಗುತ್ತದೆ.

ನಕಲಿನ ಕೆಲಸ ನೋಡಲು ಸರಳ. ಘಟಕಕ್ಕೆ ಇನ್ನೂ ಜೀವವಿದ್ದರೆ ಬೋರ್ಡಿನ ಒಂದು ನಿರ್ದಿಷ್ಟ ಕಾಲನ್ನು ಅರ್ಥಿಂಗ್‌ಗೆ ಮುಟ್ಟಿಸಿ ವಿದ್ಯುತ್ ಕೊಟ್ಟು, ತಂತಿಯ ಮೂಲಕವೇ ಕಂಪ್ಯೂಟರ್‌ಗೆ ಓದಿಸಬಹುದು. ಪೂರ್ತಿ ಸತ್ತಿದ್ದರೆ ಬಿಸಿಗಾಳಿಯಿಂದ ಬೆಸುಗೆ ಕರಗಿಸಿ ಚಿಪ್ ಕಳಚಿ ರೀಡರ್‌ನಲ್ಲಿಡಬೇಕು. ಅನುಭವಿಗಳು ಓದುವುದು ಒಮ್ಮೆಯಲ್ಲ, ಎರಡು ಬಾರಿ. ಎರಡು ಕಡತಗಳೂ ಅಕ್ಷರಶಃ ಒಂದೇ ಆಗಿರಬೇಕು. ಕಡತದ ತುಂಬ ಬರೀ ಎಫ್‌ಎಫ್ ಅಥವಾ ಬರೀ ಸೊನ್ನೆ ಕಂಡರೆ ಚಿಪ್ ಖಾಲಿಯೆಂದಲ್ಲ, ಬಹುತೇಕ ಸಂಪರ್ಕ ಸರಿಯಿಲ್ಲವೆಂದರ್ಥ. ತಂದ ಘಟಕದ ಮೂಲ ಮಾಹಿತಿಯನ್ನೂ ಮೊದಲು ಉಳಿಸಿಕೊಂಡ ಮೇಲೆಯೇ ಅದರ ಮೇಲೆ ಬರೆಯಬೇಕು. ಈ ಹೆಜ್ಜೆ ತಪ್ಪಿದರೆ ಹಿಂದಿರುಗುವ ದಾರಿಯಿಲ್ಲ.

ಈಪ್ರಾಮ್‌ನ ಮಾಹಿತಿ 16 ಬೈಟ್‌ಗಳ ಸಾಲುಗಳಲ್ಲಿದ್ದು, ಸಾಲುಗಳ ಕೊನೆಯಲ್ಲಿ ತಾಳೆಸಂಖ್ಯೆ ಇರುತ್ತದೆ. ಒಂದಂಕಿಯನ್ನು ಕೈಯಾರೆ ತಿದ್ದಿದರೂ ತಾಳೆ ತಪ್ಪುತ್ತದೆ. ಹಾಗಾಗಿ ತುಣುಕು ತುಣುಕಾಗಿ ತಿದ್ದುವುದಕ್ಕಿಂತ ಇಡೀ 512 ಬೈಟ್ ಸಾಗಿಸುವುದೇ ಕ್ಷೇಮ. ಫ್ಲ್ಯಾಶ್ ಚಿಪ್‌ನ ತಂತ್ರಾಂಶವೂ ಹೊಂದಬೇಕು. ಆಟೊಮ್ಯಾಟಿಕ್ ಗೇರಿನ ಕಾರಿನ ಘಟಕವನ್ನು ಸಾಮಾನ್ಯ ಗೇರಿನ ಕಾರಿಗೆ ಹಾಕಿ, ಪುಟ್ಟ ಚಿಪ್ಪನ್ನಷ್ಟೇ ನಕಲು ಮಾಡಿದರೆ ಇಲ್ಲದ ಗೇರ್‌ಬಾಕ್ಸನ್ನು ಅದು ಹುಡುಕುತ್ತಲೇ ಇರುತ್ತದೆ. ಎಲ್ಲ ಸರಿಹೋದರೆ ಹಳೆಯ ಕೀಲಿಗಳೇ ನಡೆಯುತ್ತವೆ.

ಕೆಲವರು ಇಮ್ಮೊಬಿಲೈಸರ್ ತಪಾಸಣೆಯನ್ನೇ ಅಳಿಸಿಕೊಡುವುದಾಗಿ ಹೇಳುವುದುಂಟು. ಕೆಲಸ ಅಗ್ಗ, ನಿಜ. ಆದರೆ ಆಮೇಲೆ ಆ ಕಾರಿಗೆ ಬೀಗವೊಂದೇ ಕಾವಲು. ಮಾರುವಾಗ ಈ ಸಂಗತಿ ಯಾವ ಕಾಗದದಲ್ಲೂ ಕಾಣುವುದಿಲ್ಲವಾದ್ದರಿಂದ ನಷ್ಟ ಕೊಳ್ಳುವವನದು. ಇದೇ ವಿದ್ಯೆಯನ್ನು ಮೀಟರ್ ಘಟಕದ ಚಿಪ್‌ಗೆ ಪ್ರಯೋಗಿಸಿ ಓಡಿದ ಕಿಲೋಮೀಟರ್ ಇಳಿಸುವುದು ನೇರ ವಂಚನೆ.

ಶಿವಾಜಿನಗರದ ಗುಜರಿಯಂತಹ ಕಡೆ ಹಳೆಯ ಘಟಕ ಕೊಳ್ಳುವವರು ರಸೀದಿ ಕೇಳುವುದು ಒಳಿತು. ಕಳವಿನ ಮಾಲೆಂದು ತಿಳಿದೂ ಅಪ್ರಾಮಾಣಿಕವಾಗಿ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಘಟಕದ ಮೂಲ ಚಾಸಿಸ್ ಸಂಖ್ಯೆ ಚಿಪ್‌ನಲ್ಲಿಯೇ ಇರುವುದರಿಂದ, ಅಳಿಸುವ ಮುನ್ನ ಉಳಿಸಿಕೊಂಡ ಕಡತವು ಕೊಂಡವನಿಗೂ ದಾಖಲೆಯಾಗುತ್ತದೆ.

ನಂತರದ ಪೀಳಿಗೆಯ ಕಾರುಗಳಿಗೆ ಈ ವಿವರಣೆ ಹೀಗೆಯೇ ಅನ್ವಯಿಸದು. ಅನೇಕ ಘಟಕಗಳಲ್ಲಿ ಪ್ರತ್ಯೇಕ ಈಪ್ರಾಮ್ ಇಲ್ಲ. ಗುರುತಿನ ಮಾಹಿತಿ ಮುಖ್ಯ ಸಂಸ್ಕಾರಕದ ಒಡಲಿನಲ್ಲೇ ಇದೆ. ಘಟಕ ಬದಲಿಸಿದ ಮೇಲೆ ಸೇವಾಕೇಂದ್ರದ ಯಂತ್ರವು ತಯಾರಕರ ಸರ್ವರ್‌ನೊಡನೆ ಸಂಪರ್ಕ ಸಾಧಿಸಿದ ಹೊರತು ಅಂಥ ಕಾರು ಚಾಲೂ ಆಗುವುದಿಲ್ಲ.