ಜಿಗಿಯುವ ಜೇಡ ಮತ್ತು ಮಸುಕಿನ ಚರಿತ್ರೆ

ಬಲೆ ನೇಯದೆ, ಗೋಡೆಯ ಮೇಲೆ ಹೊಂಚುಹಾಕಿ ನೊಣದ ಮೇಲೆ ನೆಗೆಯುವ ಪುಟ್ಟ ಜೇಡವನ್ನು ನಾವೆಲ್ಲರೂ ನೋಡಿರುತ್ತೇವೆ. ಐದಾರು ಮಿಲಿಮೀಟರ್ ಉದ್ದದ ಈ ಜೀವಿಯ ಇಡೀ ಮುಖವನ್ನು ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ಹಿಡಿಯುವುದು ಬಹುಕಾಲ ಸಾಧ್ಯವಾಗಿರಲಿಲ್ಲ. ಅಡ್ಡಿಯಾಗಿದ್ದುದು ಬೆಳಕಿನ ಸ್ವಭಾವವೇ.

ಬಿಂಬವನ್ನು 5 ಪಟ್ಟು ವರ್ಧಿಸುವಾಗ ಮಸೂರದ ರಂಧ್ರವನ್ನು ಎಫ್/2.8ಕ್ಕೆ ಇಟ್ಟರೆ, ಸ್ಪಷ್ಟವಾಗಿ ಮೂಡುವ ಆಳ ಸುಮಾರು 0.04 ಮಿ.ಮೀ. ಮಾತ್ರ. ಕಣ್ಣು ಸ್ಪಷ್ಟವಾದರೆ ಅದರ ಹಿಂದಿನ ರೋಮಗಳು ಮಸುಕು. ರಂಧ್ರವನ್ನು ಕಿರಿದು ಮಾಡಿದರೆ ಆಳವೇನೋ ಹೆಚ್ಚುತ್ತದೆ. ಆದರೆ ವಿವರ್ತನೆ ಎದುರಾಗುತ್ತದೆ. ಎಫ್/8 ಎಂದು ಗುರುತಿಸಿರುವ ರಂಧ್ರ ಈ ವರ್ಧನೆಯಲ್ಲಿ ಎಫ್/48ರಂತೆ ವರ್ತಿಸುತ್ತದೆ. ಆಗ ಒಂದು ಬಿಂದುವಿನ ಬಿಂಬ 0.06 ಮಿ.ಮೀ. ಅಗಲದ ತಟ್ಟೆಯಾಗಿ ಹರಡಿಕೊಳ್ಳುತ್ತದೆ. ಜರ್ಮನಿಯ ಅರ್ನ್ಸ್ಟ್ ಅಬೆ 1873ರಲ್ಲೇ ಸೂಕ್ಷ್ಮದರ್ಶಕಗಳ ವಿಷಯದಲ್ಲಿ ವಿವರ್ತನೆ ಒಡ್ಡುವ ಮಿತಿಯನ್ನು ತೋರಿಸಿದ್ದರು. ಮಸೂರ ಎಷ್ಟೇ ದುಬಾರಿಯದಾದರೂ ಇದರಿಂದ ಬಿಡುಗಡೆ ಇಲ್ಲ.

ಇದನ್ನು ಬಳಸಿಕೊಂಡು ಹೋಗುವ ದಾರಿಯೊಂದನ್ನು 1964ರಲ್ಲಿ ಡ್ಯಾನ್ ಮೆಕ್ಲಾಕ್ಲನ್ ಪ್ರಕಟಿಸಿದರು. ಮಸೂರಕ್ಕೆ ಸ್ಪಷ್ಟವಾಗಿ ಕಾಣುವ ಸಮತಲದಲ್ಲಿ ಬೆಳಕಿನ ತೆಳು ಹಾಳೆಯೊಂದನ್ನು ಹಾಯಿಸಿ, ಷಟರ್ ತೆರೆದಿಟ್ಟು, ವಸ್ತುವನ್ನು ನಿಧಾನವಾಗಿ ಆ ಹಾಳೆಯ ಮೂಲಕ ಸಾಗಿಸುವುದು. ಯಾವ ಪದರ ಬೆಳಗುತ್ತದೋ ಅದೇ ಸ್ಪಷ್ಟವಾದ ಪದರ. ಉಳಿದದ್ದು ಕತ್ತಲಲ್ಲಿರುವುದರಿಂದ ಫಿಲ್ಮಿನ ಮೇಲೆ ಮಸುಕು ಮೂಡುವುದೇ ಇಲ್ಲ. ಎಂಥ ಸರಳ ಯುಕ್ತಿ! ಆದರೆ ವಸ್ತು ಮಿಸುಕುವಂತಿಲ್ಲ. ಜೀವಂತ ಜೇಡ ಈ ಷರತ್ತಿಗೆ ಒಪ್ಪುವುದುಂಟೆ?

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಪದರಗಳನ್ನು ಬೇರೆಬೇರೆ ಚಿತ್ರಗಳಾಗಿ ತೆಗೆದು ಗಣಕದಲ್ಲಿ ಜೋಡಿಸುವ 'ಫೋಕಸ್ ಸ್ಟ್ಯಾಕಿಂಗ್' ಹವ್ಯಾಸಿಗಳ ಕೈಗೂ ಎಟುಕಿತು. 2000ರ ದಶಕದಲ್ಲಿ ಅಲನ್ ಹ್ಯಾಡ್ಲಿ ಅವರ 'ಕಂಬೈನ್-ಝಡ್' ತಂತ್ರಾಂಶ ಉಚಿತವಾಗಿಯೇ ದೊರೆಯುತ್ತಿತ್ತು. 2 ಮಿ.ಮೀ. ಆಳದ ಮುಖಕ್ಕೆ ಸುಮಾರು 50 ಚಿತ್ರಗಳು ಬೇಕು. ಅಷ್ಟರಲ್ಲಿ ಜೇಡ ಮಸೂರದತ್ತ ತಿರುಗಿ ನೋಡಿದರೆ ಎಲ್ಲವೂ ವ್ಯರ್ಥ. ಸತ್ತ ಜೇಡ ಕದಲದು, ಆದರೆ ಅದರ ಕಣ್ಣಿನ ಹೊಳಪು ಮಾಸುತ್ತದೆ. ಇಂಥ ಚಿತ್ರ ಯಾವ ಒಂದು ಕ್ಷಣದ್ದೂ ಅಲ್ಲ. ಎಷ್ಟು ಚಿತ್ರಗಳ ಜೋಡಣೆ, ಜೇಡ ಜೀವಂತವಿತ್ತೇ ಎಂಬುದನ್ನು ಅಡಿಬರಹದಲ್ಲಿ ತಿಳಿಸಬೇಕೆಂದು ನನ್ನ ಅಭಿಪ್ರಾಯ.

ಸ್ವಾರಸ್ಯವೆಂದರೆ, ನಾವು ಹೀಗೆ ಹೊರಗಟ್ಟಲು ಹೆಣಗಿದ ಮಸುಕೇ ಜೇಡಕ್ಕೆ ಅಳತೆಗೋಲು. ಅದರ ಮುಂದಿನ ದೊಡ್ಡ ಕಣ್ಣುಗಳ ಅಕ್ಷಿಪಟದಲ್ಲಿ ಒಂದರ ಹಿಂದೊಂದು ನಾಲ್ಕು ಪದರಗಳಿವೆ. ಇದನ್ನು ಮೈಕೇಲ್ ಲ್ಯಾಂಡ್ 1969ರಲ್ಲಿ ವಿವರವಾಗಿ ವರ್ಣಿಸಿದ್ದರು. ಹಸಿರು ಬೆಳಕಿನ ಬಿಂಬ ತೀರ ಹಿಂದಿನ ಪದರದಲ್ಲಿ ಸ್ಪಷ್ಟವಾಗಿ, ಅದರ ಮುಂದಿನದರಲ್ಲಿ ಮಸುಕಾಗಿ ಬೀಳುತ್ತದೆ. ವಸ್ತು ಹತ್ತಿರವಾದಷ್ಟೂ ಈ ಮಸುಕು ಹೆಚ್ಚು. ಜೇಡ ಇದರಿಂದಲೇ ದೂರವನ್ನು ಅಳೆಯುತ್ತದೆಂದು 2012ರಲ್ಲಿ ಜಪಾನಿನ ತಕಾಶಿ ನಗಾತಾ ಮತ್ತು ಸಂಗಡಿಗರು ತೋರಿಸಿದರು. ಅವರು ಆರಿಸಿಕೊಂಡದ್ದು ಬೆಚ್ಚನೆಯ ನಾಡುಗಳ ಮನೆಗಳಲ್ಲಿ ಸಾಮಾನ್ಯವಾದ 'ಹಸೇರಿಯಸ್ ಅಡನ್ಸೋನಿ' ಎಂಬ ಜೇಡವನ್ನು. ಹಸಿರು ಬೆಳಕಿನಲ್ಲಿ ಅದರ ನೆಗೆತ ಗುರಿ ತಪ್ಪಲಿಲ್ಲ. ಕೆಂಪು ಬೆಳಕು ಮಸೂರದಲ್ಲಿ ಕಡಿಮೆ ಬಾಗಿ ಇನ್ನೂ ಹಿಂದೆ ಸಂಗಮಿಸುವುದರಿಂದ ಮಸುಕು ಹೆಚ್ಚಾಯಿತು. ಬೇಟೆ ಹತ್ತಿರವಿದೆಯೆಂದು ಬಗೆದ ಜೇಡ ನೆಗೆದು, ಅದನ್ನು ಮುಟ್ಟುವ ಮೊದಲೇ ಕೆಳಗಿಳಿಯಿತು.